ಡ್ಯೂಪ್ಲೆಕ್ಸ್ ಅಂದ್ರೆ ಯಾವ ಡ್ಯೂಪ್ಲೆಕ್ಸ್?

ಅಚ್ಚುಕಟ್ಟು: ಪ್ರಿಂಟಿಂಗ್ ಬಗ್ಗೆ ಓದುಗರ ಪ್ರಶ್ನೆಗಳಿಗೆ ಹಳೇ ಪ್ರೆಸ್ಸಿನವನ ಉತ್ತರ

ಪ್ರಶ್ನೆ: ಮನೆಯಿಂದಲೇ ಡಿಸೈನ್ ಕೆಲಸ ಮಾಡುತ್ತೇನೆ. ಒಬ್ಬ ಗಿರಾಕಿಗೆ 300 ವಿಸಿಟಿಂಗ್ ಕಾರ್ಡ್ ಬೇಕು. ಲೆಟರ್‌ಪ್ರೆಸ್ಸಲ್ಲೇ ಆಗಬೇಕು, ಅಂದರೆ ಉಬ್ಬಿದ ಅಚ್ಚಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತುವ ಹಳೇ ವಿಧಾನದಲ್ಲಿ; ಎರಡೂ ಕಡೆ ಅಕ್ಷರ ಕಾಗದದೊಳಕ್ಕೆ ಇಳಿದಿರಬೇಕು. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಇದಕ್ಕೆ ಎರಡು ಹಾಳೆ ಬೇರೆ ಬೇರೆ ಅಚ್ಚು ಹಾಕಿ ಅಂಟಿಸುತ್ತಾರೆ, ಅದನ್ನು ಡ್ಯೂಪ್ಲೆಕ್ಸ್ ಎನ್ನುತ್ತಾರೆ ಎಂದು ಓದಿದ್ದೇನೆ. ನನ್ನ ಹತ್ತಿರ ಮೆಷಿನ್ ಇಲ್ಲ, ಹೊರಗೆ ಕೊಡಬೇಕು. ಇಲ್ಲಿನ ಒಂದು ಅಂಗಡಿಯವರು ‘ಡ್ಯೂಪ್ಲೆಕ್ಸ್ ಅಲ್ವಾ, ಆಗುತ್ತೆ’ ಅಂದು ಸ್ಯಾಂಪಲ್ ಕೊಟ್ಟರು. ನೋಡಿದರೆ ಹಿಂದುಗಡೆ ಬೂದು ಬಣ್ಣದ ರಟ್ಟು! ಆನ್‌ಲೈನ್‌ನಲ್ಲಿ ವಿಚಾರಿಸಿದೆ. ಒಂದೇ ದಿನದಲ್ಲಿ ಮೂವರು ಒಬ್ಬನೇ ಪ್ರಿಂಟರ್ ಹೆಸರು ಹೇಳಿದರು. ಮೂವರ ಮಾತೂ ಒಂದೇ ಥರ. ರೇಟು ಬೇರೆಯವರಿಗಿಂತ ಅರ್ಧ. ಪೂರ್ತಿ ಹಣ ಮೊದಲೇ ಕಳಿಸಬೇಕಂತೆ. ನಂಬಬಹುದಾ?
– ಹೆಸರು ಬೇಡ, ಮೈಸೂರು

ಉತ್ತರ: ಮೊದಲು ಆ ಬೂದು ರಟ್ಟಿನ ವಿಷಯ ಮುಗಿಸೋಣ. ಅಂಗಡಿಯವರು ಮೋಸ ಮಾಡಿಲ್ಲ. ನೀವು ಬಾಯಲ್ಲಿ ಹೇಳಿದ್ದನ್ನೇ ಕೈಗೆ ಕೊಟ್ಟಿದ್ದಾರೆ. ನಮ್ಮ ಪೇಟೆಯಲ್ಲಿ ಡ್ಯೂಪ್ಲೆಕ್ಸ್ ಅಂದರೆ ಡ್ಯೂಪ್ಲೆಕ್ಸ್ ಬೋರ್ಡ್. ಮುಂದೆ ಬಿಳಿ, ಹಿಂದೆ ಬೂದು. ಸ್ವೀಟ್ ಬಾಕ್ಸ್, ಮಾತ್ರೆ ಡಬ್ಬಿ, ಊದುಬತ್ತಿ ಪ್ಯಾಕು ಎಲ್ಲ ಅದರಲ್ಲೇ ಆಗುವುದು. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಯಾವ ಕಾಗದದ ಅಂಗಡಿಗೆ ಹೋಗಿ ಡ್ಯೂಪ್ಲೆಕ್ಸ್ ಕೊಡಿ ಅಂದರೂ ಅದನ್ನೇ ಎಳೆದು ತೋರಿಸುತ್ತಾರೆ. ಜೆರಾಕ್ಸ್ ಅಂಗಡಿ ಹುಡುಗನಿಗೆ ಡ್ಯೂಪ್ಲೆಕ್ಸ್ ಅಂದರೆ ಬೇರೆ: ಒಂದೇ ಹಾಳೆಯ ಎರಡೂ ಬದಿ ಪ್ರಿಂಟು. ನೀವು ಕೇಳುತ್ತಿರುವ ಮೂರನೇ ಡ್ಯೂಪ್ಲೆಕ್ಸ್ ಹೊರದೇಶದ ಕಾರ್ಡ್ ಸ್ಟುಡಿಯೋಗಳ ಮಾತು. ನಮ್ಮಲ್ಲಿ ಅದನ್ನು ಕೇಳಿದವರೇ ಕಡಿಮೆ.

ಹಾಗಾಗಿ ಆ ಪದವನ್ನೇ ಬಿಟ್ಟುಬಿಡಿ. ಹೀಗೆ ಹೇಳಿ: ‘ಎರಡು ಹಾಳೆ. ಒಂದೊಂದಕ್ಕೂ ಒಂದೇ ಬದಿ ಅಚ್ಚು. ಆಮೇಲೆ ಬೆನ್ನಿಗೆ ಬೆನ್ನು ಅಂಟಿಸುವುದು. ಒಣಗಿದ ಮೇಲೆ ಕಟಿಂಗ್.’ ಅಂಗಡಿಯವರಿಗೆ ಇದು ಅರ್ಥವಾಗದೇ ಹೋದರೆ ನೀವು ತಪ್ಪು ಅಂಗಡಿಯಲ್ಲಿ ನಿಂತಿದ್ದೀರಿ.

ಇಷ್ಟೆಲ್ಲಾ ರಗಳೆ ಯಾಕೆ, ಒಂದೇ ದಪ್ಪ ಹಾಳೆಗೆ ಎರಡೂ ಕಡೆ ಒತ್ತಬಾರದಾ ಅಂತ ಗಿರಾಕಿ ಕೇಳಬಹುದು. ನಾನು ಕೆಲಸ ಕಲಿತದ್ದು ಗದಗದಲ್ಲಿ, 1979ರಲ್ಲಿ, ಕಂಪೋಸಿಟರ್ ಆಗಿ, ಅಂದರೆ ಅಕ್ಷರ ಜೋಡಿಸುವವನಾಗಿ. ನಮ್ಮ ಮೇಸ್ತ್ರಿ ಅಚ್ಚಾದ ಹಾಳೆಯನ್ನು ಮಗುಚಿ ಹಿಂಬದಿಗೆ ಬೆರಳಾಡಿಸುತ್ತಿದ್ದರು. ಉಬ್ಬು ಸಿಕ್ಕಿತೋ, ‘ಮೊಳಿ ಕೊಲ್ಲಬ್ಯಾಡಲೇ!’ ಅಂತ ಕೂಗು. ಮೊಳೆ ಅಂದರೆ ಒಂದೊಂದು ಅಕ್ಷರದ ಸೀಸದ ಅಚ್ಚು, ಒತ್ತು ಜಾಸ್ತಿಯಾದರೆ ಬೇಗ ಸವೆಯುತ್ತದೆ. ಮಸಿ ಅಂಟಬೇಕು, ಗುರುತು ಬೀಳಬಾರದು, ಅದು ಆಗಿನ ಒಳ್ಳೇ ಕೆಲಸ. ಈಗಿನ ಗಿರಾಕಿಗೆ ಬೇಕಾಗಿರುವುದು ಅದರ ಉಲ್ಟಾ. ಬೆರಳಿಟ್ಟರೆ ಹಳ್ಳ ಸಿಗಬೇಕು. ನಮ್ಮ ಮೇಸ್ತ್ರಿ ಇವತ್ತು ಇದ್ದಿದ್ದರೆ ಈ ಕಾರ್ಡುಗಳನ್ನು ನೋಡಿ ಊಟ ಬಿಡುತ್ತಿದ್ದರು.

ಆದರೆ ಹಳ್ಳ ಒಂದು ಕಡೆ ಬಿದ್ದರೆ ಇನ್ನೊಂದು ಕಡೆ ದಿಬ್ಬ ಏಳಲೇಬೇಕು. ಕನ್ನಡದ ಹೆಸರಿನ ಬೆನ್ನಿಗೆ ಇಂಗ್ಲಿಷ್ ಫೋನ್ ನಂಬರ್ ಬಂದರೆ ಎರಡೂ ಗಲೀಜು. ಅದಕ್ಕೇ ಎರಡು ಹಾಳೆ. ದಿಬ್ಬ ಎರಡೂ ಒಳಗೆ ಅಂಟಿನಲ್ಲಿ ಮುಚ್ಚಿಹೋಗುತ್ತವೆ, ಹಳ್ಳ ಎರಡೂ ಹೊರಗೆ ಕಾಣುತ್ತವೆ. 300 ಜಿಎಸ್‌ಎಂ ಹಾಳೆ ಎರಡು ಸೇರಿದರೆ 600 (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೇ ಜಿಎಸ್‌ಎಂ). ಹತ್ತಿ ಕಾಗದವಾದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪ. ಸಾಮಾನ್ಯ ಆರ್ಟ್ ಕಾರ್ಡ್‌ನಲ್ಲಿ ಈ ಹಳ್ಳ ಸರಿಯಾಗಿ ಬೀಳುವುದಿಲ್ಲ, ಅದರ ಮೇಲೆ ಗಟ್ಟಿ ಲೇಪ ಇರುತ್ತದೆ. ಮೆತ್ತಗಿರುವ, ಲೇಪವಿಲ್ಲದ ಕಾಗದ ಬೇಕು. ಹತ್ತಿ ಚಿಂದಿಯಿಂದ ಮಾಡುವ ಕೈಕಾಗದ ನಮ್ಮಲ್ಲೇ ಸಿಗುತ್ತದೆ. ಜೈಪುರದ ಹತ್ತಿರದ ಸಾಂಗಾನೇರ್ ಇದಕ್ಕೆ ಹೆಸರಾದ ಊರು, ಪುದುಚೇರಿಯ ಅರವಿಂದಾಶ್ರಮವೂ ಮಾಡುತ್ತದೆ. ಕೈಕಾಗದದಲ್ಲಿ ಒಂದೇ ತಕರಾರು: ಹಾಳೆಯಿಂದ ಹಾಳೆಗೆ ದಪ್ಪ ಸ್ವಲ್ಪ ಹೆಚ್ಚುಕಮ್ಮಿ. ಒಂದು ಕಾರ್ಡಿನಲ್ಲಿ ಹಳ್ಳ ಆಳ, ಮುಂದಿನದರಲ್ಲಿ ತೇಲು. ಗಿರಾಕಿಗೆ ಇದನ್ನು ಮೊದಲೇ ಹೇಳಿಬಿಡಿ.

ಈಗ ಅಂಟಿನ ಕಥೆ. ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಾನೇ ಮುಗ್ಗರಿಸಿದ ಜಾಗ ಇದು.

ಕಾಟನ್‌ಪೇಟೆಯಲ್ಲಿ ನನ್ನ ಸ್ವಂತ ಪ್ರೆಸ್ ಇದ್ದಾಗ ಒಬ್ಬ ಡಾಕ್ಟರಿಗೆ ಇಂಥದ್ದೇ 200 ಕಾರ್ಡ್ ಮಾಡಿದೆ. ಆಷಾಢ, ಹೊರಗೆ ಜಿಟಿಜಿಟಿ ಮಳೆ. ಅಚ್ಚು ಚೆನ್ನಾಗಿ ಬಿತ್ತು. ನೀರಿನ ಬಿಳಿ ಗೋಂದು ಬಳಿದು ಅಂಟಿಸಿದೆ, ಮೇಲೆ ಎರಡು ರೀಮ್ ಪೇಪರ್ ಹೇರಿ ಮನೆಗೆ ಹೋದೆ. ಬೆಳಗ್ಗೆ ಬಂದು ನೋಡಿದರೆ ಎಲ್ಲ ಕಾರ್ಡೂ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿವೆ. ಟೇಬಲ್ ಮೇಲಿಟ್ಟರೆ ತೊಟ್ಟಿಲು ತೂಗಿದ ಹಾಗೆ ತೂಗುತ್ತವೆ. ಕಾಗದ ಉಳಿಸುವ ಆಸೆಗೆ ಮುಂದಿನ ಹಾಳೆಯನ್ನು ಉದ್ದುದ್ದ ಕತ್ತರಿಸಿದ್ದೆ, ಹಿಂದಿನದನ್ನು ಅಡ್ಡಡ್ಡ. ಮಿಲ್ ಕಾಗದಕ್ಕೆ ಗ್ರೇನ್ ಅಂತ ಇರುತ್ತದೆ, ನಾರು ಮಲಗಿರುವ ದಿಕ್ಕು. ನೀರು ಕುಡಿದ ಕಾಗದ ನಾರಿನ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಡ್ಡಕ್ಕೆ ಜಾಸ್ತಿ ಹಿಗ್ಗುತ್ತದೆ. ಎರಡು ಹಾಳೆಯ ನಾರು ಒಂದಕ್ಕೊಂದು ಅಡ್ಡ ಇದ್ದರೆ ಒಂದು ಆ ಕಡೆ ಎಳೆಯುತ್ತದೆ, ಇನ್ನೊಂದು ಈ ಕಡೆ. ಸಂಸಾರ ನಡೆಯುವುದು ಹೇಗೆ? ಡಾಕ್ಟರು ಒಳ್ಳೆಯವರು, ನಕ್ಕರು. ಎರಡನೇ ಸಲದ ಕಾಗದದ ದುಡ್ಡು ಮಾತ್ರ ನನ್ನ ಜೇಬಿನಿಂದ ಹೋಯಿತು.

ಪರೀಕ್ಷೆ ಸುಲಭ. ಎರಡು ಬೆರಳಗಲದ ಚೌಕ ತುಂಡು ಕತ್ತರಿಸಿ. ಒಂದೇ ಬದಿಗೆ ಒದ್ದೆ ಬೆರಳು ಸವರಿ. ಕಾಗದ ಸುರುಳಿ ಸುತ್ತಿಕೊಳ್ಳುತ್ತದೆ. ಸುರುಳಿಯ ಉದ್ದ ಯಾವ ಕಡೆಗಿದೆಯೋ ನಾರು ಆ ಕಡೆಗೆ. ನಿಮ್ಮ ಪ್ರಿಂಟರ್‌ಗೆ ‘ಎರಡೂ ಹಾಳೆಗೆ ಗ್ರೇನ್ ಒಂದೇ ದಿಕ್ಕಿಗಿರಲಿ’ ಅಂತ ಹೇಳಿ, ಅವರ ಮುಖ ನೋಡಿ. ‘ಅದೆಲ್ಲ ಗೊತ್ತು ಮೇಡಂ, ಮಳೆಗಾಲದಲ್ಲಿ ಗೋಂದು ಹಾಕಲ್ಲ, ಅಂಟಿನ ಶೀಟ್ ಹಾಕ್ತೀವಿ, ಸ್ವಲ್ಪ ರೇಟ್ ಜಾಸ್ತಿ’ ಅಂದರೆ ಅವರು ಕೆಲಸ ಮಾಡಿದವರು. ‘ಏನೂ ಪ್ರಾಬ್ಲಮ್ ಇಲ್ಲ, ಮಾಡ್ಕೊಡ್ತೀವಿ’ ಅಂದರೆ ಮಾಡಿದವರಲ್ಲ.

ಸೈಜಿಗೆ ಕತ್ತರಿಸಿ ಆಮೇಲೆ ಅಂಟಿಸುವವರೂ ಇದ್ದಾರೆ. ಒಪ್ಪಬೇಡಿ, ಅಂಚು ಎಂದೂ ಕೂಡುವುದಿಲ್ಲ. ನಾಲ್ಕೂ ಕಡೆ ಜಾಗ ಬಿಟ್ಟು ದೊಡ್ಡದಾಗಿಯೇ ಅಂಟಿಸಬೇಕು, ಒಣಗಿದ ಮೇಲೆ ಒಟ್ಟಿಗೇ ಒಂದೇ ಏಟಿಗೆ ಕತ್ತರಿಸಬೇಕು. ಬ್ಲೇಡ್ ಹೊಸದಾಗಿ ಸಾಣೆ ಹಿಡಿದಿರಬೇಕು. ತೂಕವನ್ನೂ ವಿಪರೀತ ಹೇರಬಾರದು. ಬೈಂಡಿಂಗಿನವರ ಸ್ಕ್ರೂ ಪ್ರೆಸ್ಸಿಗೆ ಹಾಕಿ ತಿರುಗಿಸಿಬಿಟ್ಟರೆ ದುಡ್ಡು ಕೊಟ್ಟು ಮಾಡಿಸಿದ ಹಳ್ಳವೇ ಮಟ್ಟಸವಾಗುತ್ತದೆ.

ನಿಮ್ಮ ಕಾರ್ಡಿನಲ್ಲಿ ಕನ್ನಡ ಇದೆ ಅಂದಿರಿ. ಒತ್ತಕ್ಷರಕ್ಕೆ ಒತ್ತು ಜಾಸ್ತಿಯಾದರೆ ಹೊಟ್ಟೆಯೊಳಗೆ ಮಸಿ ತುಂಬುತ್ತದೆ. ‘ಷ್ಠ’, ‘ತ್ಥ’, ‘ಜ್ಞ’ ನೋಡಿಕೊಳ್ಳಿ. ನಾನಾದರೆ 8 ಪಾಯಿಂಟ್‌ಗಿಂತ ಕೆಳಗೆ ಇಳಿಯುವುದಿಲ್ಲ, ತೆಳು ಗೆರೆಯ ಫಾಂಟ್ ಮುಟ್ಟುವುದಿಲ್ಲ. ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಹಾಕುವುದಾದರೆ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಂಡಿರಬೇಕು. ಇಲ್ಲದಿದ್ದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಕಳಿಸುವ ಮುಂಚೆ ಎಲ್ಲ ಅಕ್ಷರವನ್ನೂ ಔಟ್‌ಲೈನ್ ಮಾಡಿ. ಅಂದರೆ ಫಾಂಟ್ ಇಲ್ಲದೆಯೂ ಕಾಣುವ ಹಾಗೆ ಅಕ್ಷರವನ್ನು ಚಿತ್ರವಾಗಿಸಿ. ಇಲ್ಲದಿದ್ದರೆ ಪ್ಲೇಟ್ (ಅಚ್ಚಿನ ಫಲಕ) ಮಾಡುವವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರಬೇಕಲ್ಲ. ಔಟ್‌ಲೈನ್ ಆದ ಮೇಲೆ ಒಂದು ಪ್ರಿಂಟ್ ತೆಗೆದು, ಗಿರಾಕಿಯ ಕೈಲೇ ಓದಿಸಿ ಸಹಿ ಹಾಕಿಸಿ. ಮೊಳೆಯ ಕಾಲದಲ್ಲಿ ತಪ್ಪಿದ್ದರೆ ಚಿಮಟದಿಂದ ಒಂದು ಅಕ್ಷರ ಕಿತ್ತು ಇನ್ನೊಂದು ಕೂರಿಸುತ್ತಿದ್ದೆವು. ಈಗಿನ ಪಾಲಿಮರ್ ಪ್ಲೇಟಿನಲ್ಲಿ ಎಲ್ಲ ಅಕ್ಷರವೂ ಒಂದೇ ತುಂಡು, ಒಂದು ದೀರ್ಘ ಬಿಟ್ಟುಹೋದರೂ ಹೊಸ ಪ್ಲೇಟೇ.

ಇನ್ನೂ ಒಂದು. ಬಣ್ಣದ ಕಾಗದದ ಮೇಲೆ ಬಿಳಿ ಮಸಿ ಬೇಕು ಅಂತ ಗಿರಾಕಿ ಕೇಳಿದರೆ ಒಪ್ಪಬೇಡಿ. ಈ ಮಸಿ ಅಡಿಯ ಬಣ್ಣವನ್ನು ಮುಚ್ಚುವುದಿಲ್ಲ. ಅದಕ್ಕೆ ಫಾಯಿಲ್ ಇದೆ, ಬಿಸಿ ಅಚ್ಚಿನಿಂದ ಒತ್ತಿ ಅಂಟಿಸುವ ಬಣ್ಣದ ತೆಳು ಪದರ.

ಈಗ ರೇಟಿಗೆ ಬರೋಣ. ಕನ್ನಡದ ಕಡೆ ಒಂದು ಬಣ್ಣ, ಇಂಗ್ಲಿಷ್ ಕಡೆ ಎರಡು ಬಣ್ಣ ಅಂತಿಟ್ಟುಕೊಳ್ಳಿ. ಮೂರು ಪ್ಲೇಟು. ಮೂರು ಸಲ ಮೆಷಿನ್ ಹೊಂದಿಸಬೇಕು. 300 ಕಾರ್ಡಿಗೆ ಕೆಡುವ ಲೆಕ್ಕ ಸೇರಿಸಿ 350 ಅಂದರೂ ಮೂರು ಸಲಕ್ಕೆ 1,050 ಒತ್ತು. ಟ್ರೆಡಲ್ ಅನ್ನುವ ಹಳೇ ಅಚ್ಚಿನ ಮೆಷಿನ್ ಆದರೆ ಅಷ್ಟನ್ನೂ ಒಂದೊಂದಾಗಿ ಕೈಯಲ್ಲೇ ಇಟ್ಟು ಕೈಯಲ್ಲೇ ತೆಗೆಯಬೇಕು. ಮಸಿ ಒಣಗಲು ಒಂದು ರಾತ್ರಿ, ಮಳೆಗಾಲದಲ್ಲಿ ಎರಡು. ಆಮೇಲೆ ಅಂಟು, ಒಣಗು, ಕಟಿಂಗ್. ಇಷ್ಟನ್ನು ಅರ್ಧ ರೇಟಿಗೆ, ಅದೂ ‘48 ಗಂಟೆಯಲ್ಲಿ ಡೆಲಿವರಿ’ ಅಂತ ಹೇಳುವವರು ಈ ಕೆಲಸ ಮಾಡುತ್ತಿಲ್ಲ, ಬೇರೇನೋ ಮಾಡುತ್ತಿದ್ದಾರೆ. ಶಿವಕಾಶಿಯ ಆಫ್‌ಸೆಟ್ ರೇಟಿನ ಜೊತೆ ಇದನ್ನು ಹೋಲಿಸಲೇಬೇಡಿ.

ಆ ಮೂವರು ಶಿಫಾರಸು ಮಾಡಿದವರ ಬಗ್ಗೆ. ನೀವು ಕಳಿಸಿದ ಮಾತುಗಳನ್ನು ನೋಡಿದೆ. ‘ಅದ್ಭುತ ಕ್ವಾಲಿಟಿ, ಆನ್ ಟೈಮ್ ಡೆಲಿವರಿ, ರೀಸನಬಲ್ ರೇಟ್, ಕಣ್ಣು ಮುಚ್ಚಿ ಕೊಡಬಹುದು.’ ಇದೇ ಸಾಲನ್ನು ಟೈಲರ್‌ಗೆ ಹಾಕಿದರೂ ನಡೆಯುತ್ತದೆ, ಅಡುಗೆ ಕಾಂಟ್ರಾಕ್ಟಿಗೆ ಹಾಕಿದರೂ ನಡೆಯುತ್ತದೆ. ಕಾಗದ ಅನ್ನುವ ಪದವೇ ಇಲ್ಲ. ನಿಜವಾಗಿ ಕಾರ್ಡ್ ಮಾಡಿಸಿದವರು ಹೀಗೆ ಮಾತಾಡುವುದಿಲ್ಲ. ‘ನೀಲಿ ಸ್ವಲ್ಪ ಮಂಕಾಗಿ ಬಂತು, ಆದರೆ ಅಂಚು ಚೆನ್ನಾಗಿದೆ. 15 ದಿನ ಅಂದವರು 22 ದಿನ ಮಾಡಿದರು’ ಅನ್ನುತ್ತಾರೆ. ಪರಿಚಯದವರು ಹೇಳುವಾಗ ಹೆಸರೂ ಪೂರ್ತಿ ಬರುವುದಿಲ್ಲ. ‘ಚಿಕ್ಕಪೇಟೆ ಹತ್ರ ಒಬ್ಬರಿದ್ದಾರೆ, ಮೆಟ್ಟಿಲು ಹತ್ತಿ ಹೋಗಬೇಕು, ತಡೀರಿ ನಂಬರ್ ಹುಡುಕ್ತೀನಿ’ ಅನ್ನುತ್ತಾರೆ. ನಿಮ್ಮ ಮೂವರೂ ಪೂರ್ತಿ ಹೆಸರು, ಫೋನ್ ನಂಬರ್, ಲಿಂಕ್, ಮೂರನ್ನೂ ತಪ್ಪಿಲ್ಲದೆ ಕೊಟ್ಟಿದ್ದಾರೆ. ಅಷ್ಟು ನೆನಪಿನ ಶಕ್ತಿಯ ಮೇಲೆ ನನಗಂತೂ ಅನುಮಾನ.

ಅವರನ್ನೇ ಮಾತಾಡಿಸಿ ನೋಡಿ. ಜಗಳ ಬೇಡ, ಸುಮ್ನೆ ಕೇಳಿ: ‘ನಿಮ್ಮ ಕಾರ್ಡಿನ ಅಂಚಿನ ಫೋಟೋ ಒಂದು ಕಳಿಸ್ತೀರಾ? ಎಷ್ಟು ಜಿಎಸ್‌ಎಂ? ಮೂಲೆ ಬಿಚ್ಚಿಕೊಂಡಿದೆಯಾ?’ ಮಾಡಿಸಿದವರ ಡ್ರಾಯರ್‌ನಲ್ಲಿ ನಾಲ್ಕು ಕಾರ್ಡಾದರೂ ಉಳಿದಿರುತ್ತವೆ. ಮಾಡಿಸದವರು ಮತ್ತೆ ಅದೇ ಲಿಂಕ್ ಕಳಿಸುತ್ತಾರೆ. ಅವರು ಬೇರೆ ಏನೇನಕ್ಕೆ ರಿವ್ಯೂ ಬರೆದಿದ್ದಾರೆ ಅಂತಲೂ ನೋಡಿ. ಒಂದೇ ವಾರದಲ್ಲಿ ಮೂರು ರಾಜ್ಯಗಳ ಹಲ್ಲಿನ ಡಾಕ್ಟರು, ಮನೆ ಸಾಮಾನು ಸಾಗಿಸುವವರು, ಪ್ರಿಂಟರ್ ಎಲ್ಲರಿಗೂ ಐದೈದು ಸ್ಟಾರ್ ಕೊಟ್ಟಿದ್ದರೆ ಅವರ ಹಲ್ಲು ಯಾವ ಊರಿನಲ್ಲಿದೆ?

ಆ ಪ್ರಿಂಟರ್ ತೋರಿಸುವ ಫೋಟೋಗಳನ್ನೂ ಗೂಗಲ್ ಲೆನ್ಸಿಗೆ ಹಾಕಿ. ಹೊರದೇಶದ ಸ್ಟುಡಿಯೋ ಕೆಲಸವನ್ನು ತಮ್ಮದೆಂದು ಹಾಕಿಕೊಳ್ಳುವುದು ಈ ಕಸುಬಿನಲ್ಲಿ ಮಾಮೂಲು. ಎಲ್ಲ ಕಾರ್ಡಿನ ಮೇಲೂ ಇಂಗ್ಲಿಷ್ ಹೆಸರು, ಅಮೆರಿಕದ ವಿಳಾಸ, ಒಂದಾದರೂ ಕನ್ನಡವೋ ಹಿಂದಿಯೋ ತಮಿಳೋ ಇಲ್ಲ ಅಂದರೆ ಸ್ವಲ್ಪ ನಿಲ್ಲಿ. ಬಿಲ್ ಮೇಲೆ ಜಿಎಸ್‌ಟಿ ನಂಬರ್ ಇದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಬಹುದು, ಯಾರ ಹೆಸರಿನಲ್ಲಿದೆ ಅಂತ ಬರುತ್ತದೆ. 15 ಅಕ್ಷರದ ನಂಬರಿನಲ್ಲಿ ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ತಮಿಳುನಾಡು 33. ‘ನಮ್ಮ ಪ್ರೆಸ್ ಬೆಂಗಳೂರಿನಲ್ಲೇ’ ಅನ್ನುವವರ ನಂಬರ್ ಬೇರೆ ರಾಜ್ಯದ್ದಾದರೆ ಯಾಕೆ ಅಂತ ಕೇಳಿ. ಚಿಕ್ಕ ಪ್ರೆಸ್ಸಿಗೆ ನೋಂದಣಿಯೇ ಇಲ್ಲದಿರಬಹುದು, ಅದು ತಪ್ಪಲ್ಲ. ಸುಳ್ಳು ನಂಬರ್ ಮಾತ್ರ ತಪ್ಪು.

ರಿವ್ಯೂಗಳಿಗೂ ಒಂದು ಸರ್ಕಾರಿ ಮಾನದಂಡ ಇದೆ ಅಂತ ನಿಮಗೆ ಗೊತ್ತಾ? 2022ರ ನವೆಂಬರಿನಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೊರಡಿಸಿತು, ಐಎಸ್ 19000 ಅಂತ. ರಿವ್ಯೂ ಬರೆದವರು ಯಾರು ಅಂತ ಖಾತ್ರಿ ಮಾಡಿಕೊಳ್ಳಬೇಕು, ದುಡ್ಡು ಕೊಟ್ಟು ಬರೆಸಬಾರದು ಅಂತೆಲ್ಲ ಅದರಲ್ಲಿದೆ. ಹೊರಟಾಗ ಅದು ಸ್ವಯಂಪ್ರೇರಿತ, ಅಂದರೆ ಇಷ್ಟವಿದ್ದವರು ಪಾಲಿಸಬಹುದು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಗೆದುಹೋದ ಫೋನ್ ನಂಬರಿಗೆ ಅದು ಏನು ಮಾಡೀತು?

ಆದರೂ ಒಂದು ಮಾತು. ರಿವ್ಯೂ ಸುಳ್ಳಾದ ಮಾತ್ರಕ್ಕೆ ಪ್ರಿಂಟರ್ ಕೆಟ್ಟವನು ಅಂತ ಅಲ್ಲ. ಒಳ್ಳೇ ಕೆಲಸಗಾರನ ಮಗನೋ ಸೊಸೆಯೋ ಉತ್ಸಾಹಕ್ಕೆ ಬರೆಸಿರುತ್ತಾರೆ. ಇದು ನನಗೆ ಹೇಗೆ ಗೊತ್ತು ಅನ್ನುವುದನ್ನು ಹಾಸನದವರ ಪ್ರಶ್ನೆಯಲ್ಲಿ ಹೇಳುತ್ತೇನೆ. ಆ ಮೂರು ಮಾತುಗಳನ್ನು ತೂಕಕ್ಕೆ ಹಾಕಬೇಡಿ ಅಷ್ಟೇ. ಸ್ಯಾಂಪಲ್ ತರಿಸಿ ಅದನ್ನು ತೂಗಿ. ಅಂಟಿಸಿ ಕತ್ತರಿಸಿದ ಕಾರ್ಡೇ ಬರಬೇಕು, ಫೋಟೋ ಆಗದು. ಒಂದನ್ನು ಎರಡು ದಿನ ಪರ್ಸಿನಲ್ಲಿಟ್ಟುಕೊಂಡು ಓಡಾಡಿ. ಇನ್ನೊಂದನ್ನು ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಆಮೇಲೆ ಮೂಲೆಗೆ ಉಗುರು ಹಾಕಿ ಎಬ್ಬಿಸಿ ನೋಡಿ. ಬಿಚ್ಚಿಕೊಂಡರೆ ಬೇಡ.

ಮುಂಗಡ ಅರ್ಧ ಕೊಡುವುದು ನ್ಯಾಯ. ಪ್ಲೇಟು, ಕಾಗದ ಅವರು ಮೊದಲೇ ಕೊಳ್ಳಬೇಕಲ್ಲ. ಪೂರ್ತಿ ಬೇಡ. ಯುಪಿಐನಲ್ಲಿ ಕಳಿಸುವಾಗ ಬರುವ ಹೆಸರು ಪ್ರೆಸ್ಸಿನದೋ ಮಾಲೀಕರದೋ ಆಗಿರಬೇಕು. ಎಲ್ಲೂ ಕೇಳದ ಮೂರನೆಯವರ ಹೆಸರು ಬಂದರೆ ಅಲ್ಲೇ ಬೆರಳು ತೆಗೆಯಿರಿ.

ಅವರು ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟು ಮಾಡಿಸುತ್ತಾರಾ ಅಂತಲೂ ನೀವು ಚೀಟಿಯ ಹಿಂದೆ ಕೇಳಿದ್ದೀರಿ. ಕೊಡುತ್ತಾರೆ. ಕೊಡಲಿ. ನಮ್ಮ ಕಸುಬೇ ಹಾಗೆ. ಪ್ಲೇಟ್ ಒಬ್ಬರದು, ಅಚ್ಚು ಒಬ್ಬರದು, ಅಂಟು ಬೈಂಡಿಂಗಿನವರದು, ಕಟಿಂಗ್ ಪಕ್ಕದ ಗಲ್ಲಿಯದು. ಕೆಟ್ಟರೆ ಯಾರ ತಲೆಗೆ ಅನ್ನುವುದಷ್ಟೇ ಮೊದಲೇ ಇತ್ಯರ್ಥವಾಗಬೇಕು. ‘ಕಟಿಂಗಿನವನು ಹಾಳು ಮಾಡಿದ, ನಾನೇನು ಮಾಡಲಿ’ ಅನ್ನುವ ಮಾತು ಕೇಳಿ ಕೇಳಿ ನನ್ನ ಕಿವಿ ಸವೆದಿದೆ. ದುಡ್ಡು ತೆಗೆದುಕೊಂಡವರೇ ಹೊಣೆ ಅಂತ ಒಂದು ಸಾಲು ಬರೆಸಿಕೊಳ್ಳಿ.

ಕೊನೆಗೆ, ಆನ್‌ಲೈನ್ ಬಿಟ್ಟು ಸ್ವಲ್ಪ ಕಾಲಿಗೆ ಕೆಲಸ ಕೊಡಿ. ನಿಮ್ಮೂರಿನಲ್ಲಿ ಡೈ ಪಂಚಿಂಗ್, ಕ್ರೀಸಿಂಗ್, ಬಿಲ್ ಬುಕ್ ನಂಬರಿಂಗ್ ಮಾಡುವ ಅಂಗಡಿ ಹುಡುಕಿ. ಹಳೇ ಲೆಟರ್‌ಪ್ರೆಸ್ ಮೆಷಿನ್‌ಗಳಾದ ಹೈಡೆಲ್‌ಬರ್ಗ್ ವಿಂಡ್‌ಮಿಲ್, ಟ್ರೆಡಲ್‌ಗಳು ಈಗ ಅಲ್ಲೇ ಬದುಕಿರುವುದು. ಬಾಗಿಲಲ್ಲಿ ನಿಂತರೇ ಸದ್ದು ಗೊತ್ತಾಗುತ್ತದೆ. ಬೋರ್ಡಿನ ಮೇಲೆ ಲೆಟರ್‌ಪ್ರೆಸ್ ಅಂತ ಇರುವುದಿಲ್ಲ, ಆದರೆ ಎಷ್ಟು ಒತ್ತಿದರೆ ಎಷ್ಟು ಇಳಿಯುತ್ತದೆ ಅಂತ ಆ ಕೈಗೆ ಗೊತ್ತಿರುತ್ತದೆ. ಪ್ಲೇಟು, ಕಾಗದ ನೀವೇ ಒಯ್ದು ಕೊಡಿ. ಪ್ಲೇಟು ಅದರ ಬೇಸ್ ಸೇರಿ ಮೊಳೆಯ ಎತ್ತರಕ್ಕೆ, ಅಂದರೆ 0.918 ಇಂಚಿಗೆ ಬರಬೇಕು, ಅಷ್ಟು ನೋಡಿಕೊಂಡರೆ ಸಾಕು. ಮೊದಲ ಹತ್ತು ಕಾರ್ಡ್ ಬೀಳುವಾಗ ಪಕ್ಕದಲ್ಲೇ ನಿಂತಿರಿ. ಟೀ ತರಿಸಿ.

ಪ್ರಶ್ನೆ: ಮಗಳ ಮದುವೆಗೆ ‘ಲೆಟರ್‌ಪ್ರೆಸ್’ ಅಂತ ಜಾಸ್ತಿ ದುಡ್ಡು ಕೊಟ್ಟು ಕಾರ್ಡ್ ಮಾಡಿಸಿದೆವು. ಅಕ್ಷರ ಒಳಕ್ಕೆ ಇಳಿದಿದೆ. ಆದರೂ ಬೀಗರು ‘ಇದು ಡಿಜಿಟಲ್’ ಅಂತ ಹಂಗಿಸುತ್ತಿದ್ದಾರೆ. ಕಂಡುಹಿಡಿಯುವುದು ಹೇಗೆ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ವಾಚ್ ರಿಪೇರಿಯವರ ಹತ್ತಿರ ಒಂದು ಭೂತಗನ್ನಡಿ ಇರುತ್ತದೆ, ಐದು ನಿಮಿಷಕ್ಕೆ ಕೇಳಿ. ಅಕ್ಷರದ ಅಂಚು ನೋಡಿ. ಲೆಟರ್‌ಪ್ರೆಸ್ಸಿನಲ್ಲಿ ಒತ್ತಿದಾಗ ಮಸಿ ಅಂಚಿಗೆ ಸರಿಯುತ್ತದೆ, ಸುತ್ತ ಒಂದು ಕಪ್ಪು ಕಟ್ಟು, ನಡುವೆ ಸ್ವಲ್ಪ ತೆಳು. ಧೋತರದ ಅಂಚಿನ ಹಾಗೆ. ಅದರ ಬದಲು ಬಣ್ಣ ಬಣ್ಣದ ಚುಕ್ಕಿ ಕಂಡರೆ, ಇಲ್ಲವೇ ಪುಡಿ ಚೆಲ್ಲಿದ ಹಾಗೆ ಕಂಡರೆ ಡಿಜಿಟಲ್ಲೋ ಆಫ್‌ಸೆಟ್ಟೋ ಮಾಡಿ ಆಮೇಲೆ ಡೈ ಇಟ್ಟು ಒತ್ತಿದ್ದಾರೆ. ಅಂಥದ್ದರಲ್ಲಿ ಎಲ್ಲೋ ಒಂದು ಕಡೆ ಹಳ್ಳ ಒಂದು ಜಾಗದಲ್ಲಿ, ಬಣ್ಣ ಕೂದಲೆಳೆ ಪಕ್ಕದಲ್ಲಿ ಸಿಕ್ಕಿಬೀಳುತ್ತದೆ. ಗಣೇಶನ ಸೊಂಡಿಲ ತುದಿ ನೋಡಿ, ಅಲ್ಲಿ ಬೇಗ ಗೊತ್ತಾಗುತ್ತದೆ.

ಹಾಗಂತ ಅದು ಕೆಟ್ಟ ಕೆಲಸವೇನಲ್ಲ. ಲೆಟರ್‌ಪ್ರೆಸ್ ಅಂತ ಹೇಳಿ ದುಡ್ಡು ತೆಗೆದುಕೊಂಡದ್ದು ತಪ್ಪು. ಬೀಗರಿಗೆ ಮಾತ್ರ ಭೂತಗನ್ನಡಿ ತೋರಿಸಬೇಡಿ.

ಪ್ರಶ್ನೆ: ನನ್ನ ಭಾವಮೈದ ಹೊಸದಾಗಿ ಪ್ರಿಂಟಿಂಗ್ ಅಂಗಡಿ ಹಾಕಿದ್ದಾನೆ. ಮನೆಯವರೆಲ್ಲ ಒಳ್ಳೇ ರಿವ್ಯೂ ಬರೆದುಕೊಡಿ ಅಂತಿದ್ದಾನೆ. ಬರೆಯಲಾ?
– ಒಬ್ಬ ಓದುಗರು, ಹಾಸನ

ಉತ್ತರ: ನನ್ನ ಮಗನೂ ಇದನ್ನೇ ಮಾಡಿದ್ದ. ನನಗೆ ಹೇಳದೆ ನಮ್ಮ ಕಡೆಯ ಏಳು ಜನರ ಕೈಲಿ ಒಂದೇ ಸಂಜೆ ರಿವ್ಯೂ ಬರೆಸಿದ. ಎಲ್ಲರಿಗೂ ಅವನೇ ಮಾತು ಟೈಪ್ ಮಾಡಿ ಕಳಿಸಿದ್ದ, ಅವರು ಅದನ್ನೇ ಅಂಟಿಸಿದರು. ನನ್ನ ಅತ್ತಿಗೆ ಒಬ್ಬರು ಮಾತ್ರ ಸ್ವಂತಕ್ಕೆ ಬರೆದರು: ‘ತುಂಬಾ ಒಳ್ಳೆಯ ಜನ, ಊಟ ಚೆನ್ನಾಗಿತ್ತು.’ ಗೃಹಪ್ರವೇಶದ ನೆನಪಿನಲ್ಲಿ ಬರೆದಿರಬೇಕು. ಮೂರು ತಿಂಗಳು ನನ್ನ ಪ್ರೆಸ್ಸಿನ ಹೆಸರಿನ ಕೆಳಗೆ ಊಟ ಚೆನ್ನಾಗಿತ್ತು ಅಂತ ಇತ್ತು. ಒಬ್ಬ ಹಳೇ ಗಿರಾಕಿ ಫೋನ್ ಮಾಡಿ ‘ಮೆಸ್ ಶುರು ಮಾಡಿದ್ರಾ?’ ಅಂದರು. ಸುಳ್ಳು ರಿವ್ಯೂ ಹೇಗಿರುತ್ತದೆ ಅಂತ ನಾನು ಕಲಿತದ್ದು ನಮ್ಮ ಮನೆಯಲ್ಲೇ.

ಅವನ ಹತ್ತಿರ ಏನಾದರೂ ಪ್ರಿಂಟ್ ಮಾಡಿಸಿ, ದುಡ್ಡು ಕೊಡಿ, ಆಮೇಲೆ ಬಂದದ್ದು ಬಂದ ಹಾಗೆ ಬರೆಯಿರಿ. ಭಾವಮೈದ ಅನ್ನುವುದನ್ನೂ ಬರೆಯಿರಿ. ಅವನು ಮುನಿಸಿಕೊಂಡರೆ ಹಬ್ಬಕ್ಕೆ ಸರಿಹೋಗುತ್ತಾನೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಸಿಕ್ಕಿದ ಪ್ರಿಂಟರ್‌ಗೆ ನಿನ್ನೆ ರಾತ್ರಿ ಹಣ ಕಳಿಸಿದೆ. ಈಗ ಫೋನ್ ಸ್ವಿಚ್ ಆಫ್.
– ಹೆಸರು ಬೇಡ, ಬೀದರ್

ಉತ್ತರ: ಈ ಕಾಗದ ಬರೆದ ದಿನವೇ 1930ಕ್ಕೆ ಫೋನ್ ಮಾಡಿರುತ್ತೀರಿ ಅಂತ ಆಶಿಸುತ್ತೇನೆ. ಆನ್‌ಲೈನ್ ಹಣದ ಮೋಸಕ್ಕೆ ಆ ನಂಬರ್. ಇದರಲ್ಲಿ ಬೇಗ ಮಾಡಿದಷ್ಟು ಹಣ ತಡೆಹಿಡಿಯುವ ಅವಕಾಶ ಜಾಸ್ತಿ. ಬ್ಯಾಂಕಿಗೂ ತಿಳಿಸಿ. ಅಂಗಡಿ ನಿಜವಾಗಿ ಇದ್ದು, ಮಾಲು ಮಾತ್ರ ಕೆಟ್ಟದ್ದು ಕೊಟ್ಟು ಈಗ ಕೈಯೆತ್ತಿದ್ದರೆ ಅದು ಬೇರೆ, ಗ್ರಾಹಕ ಸಹಾಯವಾಣಿ 1915. ಮೆಸೇಜುಗಳನ್ನು ಅಳಿಸಬೇಡಿ. ಸಿಟ್ಟಿನಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಅದೇ.

ಪ್ರಶ್ನೆ: ನನಗೆ ಬೇಕಿರುವುದು 20 ಕಾರ್ಡ್ ಮಾತ್ರ. ಎರಡು ಹಾಳೆ ಮನೆಯಲ್ಲೇ ಅಂಟಿಸಬಹುದಾ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಂಟಿಸಬಹುದು. ಮಳೆ ಇಲ್ಲದ ದಿನ ನೋಡಿಕೊಳ್ಳಿ. ಎರಡೂ ಹಾಳೆಗೆ ನಾರು ಒಂದೇ ದಿಕ್ಕಿಗಿರಲಿ, ಮೈಸೂರಿನವರಿಗೆ ಹೇಳಿದ ಒದ್ದೆ ಬೆರಳಿನ ಪರೀಕ್ಷೆ ಮಾಡಿ. ಕಾರ್ಡಿನ ಸೈಜಿಗಿಂತ ಸುತ್ತಲೂ ಬೆರಳಗಲ ದೊಡ್ಡದಿರಲಿ. ನೀರಿನ ಗೋಂದಿಗಿಂತ ಎರಡೂ ಬದಿ ಅಂಟಿರುವ ಶೀಟ್ ಹಾಕಿದರೆ ಸೊಟ್ಟಗಾಗುವ ಭಯವಿಲ್ಲ, ಆದರೆ ಒಂದು ಸಲ ಕೂತರೆ ಕೂತಿತು, ಸರಿಸಲು ಬರುವುದಿಲ್ಲ. ಗೋಂದೇ ಹಾಕುವುದಾದರೆ ತೆಳ್ಳಗೆ, ರಬ್ಬರ್ ರೋಲರಿನಲ್ಲಿ, ನಡುವಿನಿಂದ ಅಂಚಿಗೆ. ಬ್ರಷ್ ಬೇಡ, ಗೆರೆ ಮೂಡುತ್ತದೆ. ಕೆಳಗೊಂದು ಮೇಲೊಂದು ನುಣುಪು ಹಲಗೆ, ಅದರ ಮೇಲೆ ತೂಕ. ಆ ಡಾಕ್ಟರ ಕಾರ್ಡನ್ನು ಎರಡನೇ ಸಲ ಮಾಡಿದಾಗ ನಾನಿಟ್ಟದ್ದು ನಮ್ಮ ಮನೆಯ ರುಬ್ಬುಗುಂಡು. ಒಂದು ಹಗಲು ಒಂದು ರಾತ್ರಿ ಬಿಡಿ. ನನ್ನ ಹೆಂಡತಿ ಎರಡು ದಿನ ಮಿಕ್ಸಿಯಲ್ಲಿ ರುಬ್ಬಿದಳು, ಇಡ್ಲಿ ಗಟ್ಟಿಯಾದದ್ದಕ್ಕೆ ಇವತ್ತಿಗೂ ಆ ಕಾರ್ಡನ್ನೇ ಬೈಯುತ್ತಾಳೆ.

ಮೈದಾ ಗೋಂದು ಮಾತ್ರ ಬೇಡ. ಜಿರಳೆ ಬರುತ್ತದೆ.